ದೇಶನೂರಿಗೆ ಎರಡು ವಿಮಾನ

ಅಕ್ಕನನ್ನು ಜೀವಸಹಿತ ಮನೆಗೆ ಕರೆತರಬೇಕೆಂಬ ಉದ್ದೇಶದಿಂದ ನಾನು ಬಳ್ಳಾರಿಯನ್ನು ಬಿಟ್ಟದ್ದು ಸೋಮವಾರ ನಸುಕಿನಲ್ಲಿ. ಬಾಡಿಗೆಯ ಕಾರು ಗುಂತಕಲ್ಲು, ಕರ್ನೂಲುಗಳ ಮಾರ್ಗವಾಗಿ ಹೈದರಾಬಾದಿನತ್ತ ಓಡಿತು. ಅಲ್ಲಿಂದ ಒಂದು ಸಣ್ಣ ವಿಮಾನದಲ್ಲಿ ಕಠ್ಮಂಡುವಿಗೆ ಹೋಗಿ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಅಕ್ಕನನ್ನು ಅದೇ ವಿಮಾನದಲ್ಲಿ ಮರಳಿ ತರುವುದು ನಮ್ಮ ಯೋಜನೆಯಾಗಿತ್ತು.

ಅಕ್ಕನ ಹೆಸರು ಗುರುಬಸಮ್ಮ. ಹುಟ್ಟಿದ್ದು ಕುರುಗೋಡಿನಲ್ಲಿ, ಸೇರಿದ್ದು ಸಿರುಗುಪ್ಪ ತಾಲ್ಲೂಕಿನ ದೇಶನೂರನ್ನು. ಗಂಡ ತೀರಿಕೊಂಡ ಮೇಲೆ ಭತ್ತದ ಗದ್ದೆಗಳನ್ನು ತಾನೇ ನೋಡಿಕೊಂಡು ಮಗನನ್ನೂ ಮಗಳನ್ನೂ ಓದಿಸಿದಳು. ಮಗ ಮಲ್ಲಿಕಾರ್ಜುನ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಮಗಳು ಸುಜಾತಾ ಅದೇ ಊರಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ತಾಯಿ ಮಗಳಿಬ್ಬರೂ ಊರಿನ ಯಾತ್ರಿಕರ ಗುಂಪಿನೊಡನೆ ಪಶುಪತಿನಾಥನ ದರ್ಶನಕ್ಕೆಂದು ಹೋಗಿದ್ದರು. ದರ್ಶನ ಮುಗಿಸಿ ಬಂದು ವಸತಿಗೃಹದ ಮೆಟ್ಟಿಲಿನ ಮೇಲೆ ಚಪ್ಪಲಿ ಕಳಚುತ್ತಿದ್ದಾಗ ಅಕ್ಕ ಹಾಗೆಯೇ ಒರಗಿದಳಂತೆ. ಮಿದುಳಿನಲ್ಲಿ ರಕ್ತಸ್ರಾವ. ಶಸ್ತ್ರಚಿಕಿತ್ಸೆ ಮಾಡುವ ಸ್ಥಿತಿಯಿಲ್ಲವೆಂದೂ, ಮನೆಗೆ ಒಯ್ಯುವುದಿದ್ದರೆ ತಡಮಾಡಬಾರದೆಂದೂ ವೈದ್ಯರು ಹೇಳಿದರು.

ಮಲ್ಲಿಕಾರ್ಜುನ ಒಡನೆಯೇ ರೋಗಿಗಳನ್ನು ಸಾಗಿಸುವ ವಿಮಾನವೊಂದನ್ನು ಗೊತ್ತುಮಾಡಿದನು. ಹೋಗುವಾಗ ಅದರಲ್ಲಿ ಸಂಬಂಧಿಕರೊಬ್ಬರಿಗೆ ಮಾತ್ರ ಸ್ಥಳವಿತ್ತು. “ಮಾಮ, ಹಿಂದಿ, ಇಂಗ್ಲಿಷು ಎರಡೂ ನಿಮಗ ಬರತಾವ. ನೀವ ಹೋಗ್ರಿ. ನಾ ಇಲ್ಲಿ ಮನ್ಯಾಗ ಆಕ್ಸಿಜನ್ನು, ಮಂಚ ಎಲ್ಲಾ ರೆಡಿ ಮಾಡ್ತೀನಿ. ಅವ್ವನ ಉಸಿರು ಮನ್ಯಾಗ ಹೋಗಬೇಕು ನೋಡ್ರಿ, ಅಷ್ಟ” ಎಂದನು. ಅಷ್ಟೇ ನನಗೆ ವಹಿಸಿದ ಕೆಲಸ.

ಕಾರು ಹತ್ತುವ ಮೊದಲು ಕುರುಗೋಡಿನಲ್ಲಿರುವ ಅಣ್ಣನವರಿಗೆ ದೂರವಾಣಿ ಮಾಡಿದೆನು. ಅಣ್ಣ ಚೆನ್ನಬಸಪ್ಪನವರಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ವಾಕ್ಯಗಳನ್ನು ಬಿಡಿಬಿಡಿಯಾಗಿ ಉಚ್ಚರಿಸಿದೆನು.

“ಅಣ್ಣಾ, ವಿಮಾನ ಸಿದ್ಧವಾಗಿದೆ. ಅಕ್ಕನನ್ನು ಊರಿಗೆ ತರುತ್ತೇವೆ. ದೇಶನೂರಿನವರಿಗೆ ನೀವೇ ತಿಳಿಸಿರಿ.”

ಅಣ್ಣನವರು, “ಆತಪಾ. ನಾ ಎಲ್ಲಾರಿಗೂ ಹೇಳತೀನಿ. ನೀ ಧೈರ್ಯ ತಗೋ ತಮ್ಮಾ” ಎಂದರು. ಅಕ್ಕನ ಕಾಯಿಲೆಗಾಗಿ ನನ್ನನ್ನು ಸಂತೈಸುತ್ತಿದ್ದಾರೆಂದು ನಾನು ಭಾವಿಸಿದೆನು.

ಹೈದರಾಬಾದಿನಲ್ಲಿ ಮೋಡವಿರಲಿಲ್ಲ, ಬಿಸಿಲು ಮಾತ್ರ ನಮ್ಮ ಬಳ್ಳಾರಿಯದಕ್ಕಿಂತ ಕಡಿಮೆ. ಸಣ್ಣ ವಿಮಾನಗಳಿಗಾಗಿ ಇರುವ ಕಟ್ಟಡದಲ್ಲಿ ನನ್ನ ಮತದಾರರ ಗುರುತಿನ ಚೀಟಿಯನ್ನು ಪರೀಕ್ಷಿಸಿದರು. ನೇಪಾಳಕ್ಕೆ ಹೋಗಲು ನಮಗೆ ಅಷ್ಟು ಸಾಕು. ವಿಮಾನದ ವೈದ್ಯೆ ಡಾಕ್ಟರ್ ಶ್ರಾವಣಿ ಪರಿಚಯ ಮಾಡಿಕೊಂಡು, ಪುಳಿಯೋಗರೆಯ ಪೊಟ್ಟಣವೊಂದನ್ನು ನನ್ನ ಕೈಗೆ ಕೊಟ್ಟರು. ಅದನ್ನು ಬಿಚ್ಚುತ್ತಿದ್ದಾಗ ಮಲ್ಲಿಕಾರ್ಜುನನ ಕರೆ ಬಂತು.

“ಮಾಮ, ದೊಡ್ಡ ಮಾಮಗ ನೀವು ಏನ್ ಹೇಳೀರಿ?”

“ವಿಮಾನ ಸಿದ್ಧವಾಗಿದೆಯೆಂದು ಹೇಳಿದೆನು.”

“ಅಯ್ಯ ಮಾಮ, ಫ್ಲೈಟು ಅನ್ನಬಾರದಿತ್ತೇನ್ರಿ? ಇಲ್ಲಿ ಬಿದಿರು ಬಂದಾವ, ಬಾಳೆಕಂಬ ಬಂದಾವ. ಹೊಲದಾಗ ಅಪ್ಪನ ಬಾಜೂಕ ಕುಣಿ ತೋಡ್ಯಾರ. ಕುರುಗೋಡಿನಿಂದ ಟ್ರ್ಯಾಕ್ಟರ್ ತುಂಬಾ ಹೆಣ್ಮಕ್ಕಳು ಬಂದು ಅಳಾಕ ಹತ್ಯಾರ. ಅವ್ವ ಅಲ್ಲಿ ಉಸಿರಾಡಾಕ ಹತ್ಯಾಳ, ಇಲ್ಲಿ ಬಾಗಿಲ ಮುಂದ ಆಕಿ ವಿಮಾನ ನಿಂತೈತಿ.”

ಓದುಗರಿಗೆ ಇಲ್ಲಿ ಒಂದು ಮಾತನ್ನು ತಿಳಿಸಬೇಕು. ನಮ್ಮ ಜನ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತೊಡನೆ ಕಾಲು ಮಡಿಸಿ ಪದ್ಮಾಸನದಲ್ಲಿ ಕುಳ್ಳಿರಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಡುತ್ತೇವೆ. ಕುಳಿತಂತೆಯೇ ಹೊತ್ತೊಯ್ದು, ಕುಳಿತಂತೆಯೇ ಮಣ್ಣು ಕೊಡುತ್ತೇವೆ. ಹೊರುವುದಕ್ಕೆಂದು ಬಿದಿರಿನಿಂದ ಕಟ್ಟಿ, ಬಾಳೆ ಮತ್ತು ಹೂಗಳಿಂದ ಸಿಂಗರಿಸುವ ಮಂಟಪದಂಥ ಚೌಕಟ್ಟಿಗೆ ವಿಮಾನವೆಂದು ಹೆಸರು. ಆಕಾಶದಲ್ಲಿ ಹಾರುವುದನ್ನು ನಮ್ಮ ಸೀಮೆಯವರೆಲ್ಲರೂ ಫ್ಲೈಟು ಎನ್ನುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು. ಉತ್ತರಪತ್ರಿಕೆಯಲ್ಲಿ ‘ಫ್ಲೈಟು’ ಎಂದು ಬರೆದ ಮಕ್ಕಳಿಂದ ‘ವಿಮಾನ’ವೆಂದು ಹತ್ತು ಹತ್ತು ಸಲ ಬರೆಯಿಸಿದವನು. ಸಾವಿನಂಚಿನಲ್ಲಿರುವ ತಂಗಿಯ ವಿಷಯದಲ್ಲಿ ನನ್ನ ಬಾಯಿಂದ ಆ ಶಬ್ದವನ್ನು ಕೇಳಿದ ಅಣ್ಣನವರಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

ಅಣ್ಣನವರೇ ದೂರವಾಣಿ ತೆಗೆದುಕೊಂಡರು. “ಲೇ ತಮ್ಮಾ, ಗುರುಬಸಿ ಅದಾಳೇನು?”

“ಇದ್ದಾಳೆ, ಅಣ್ಣಾ. ಕಟ್ಟಿದ್ದನ್ನು ಬಿಚ್ಚಿಸಿರಿ. ಕುಣಿಯನ್ನೂ ಮುಚ್ಚಿಸಿರಿ.”

“ಬಿಚ್ಚಸ್ತೀನಿ, ಅದರಾಗೇನೈತಿ. ಆದ್ರ ತೋಡಿದ ಕುಣೀನ ಬರೇ ಮಣ್ಣು ಹಾಕಿ ಮುಚ್ಚಬಾರದಂತಾರ ಇಲ್ಲಿ ಹಿರೇರು. ಅದಕ್ಕ ಏನರ ಕೊಡಬೇಕಂತ.”

ಮತ್ತೆ ಅವರೇ, “ಬಾಳೆಕಂಬ ಅದಾವಲ್ಲ, ಒಂದು ಹಾಕಿ ಮುಚ್ಚಸ್ತೀನಿ ಬಿಡು” ಎಂದರು. ಹಿನ್ನೆಲೆಯಲ್ಲಿ ಹೆಂಗಸರ ಅಳು ನಿಂತು, ಯಾರೋ ನಕ್ಕದ್ದು ಕೇಳಿಸಿತು. “ಇನ್ನ ಗುರುಬಸಕ್ಕ ನೂರು ವರ್ಷ ಬದುಕ್ತಾಳ ನೋಡ್ರಿ. ಚಹಾ ಇಡ್ರಿ” ಎಂದಳು ಒಬ್ಬಾಕೆ. ಆ ಚಹಾದ ಮಾತು ಕೇಳಿ ನನಗೂ ಸಮಾಧಾನವಾಯಿತು. ಪುಳಿಯೋಗರೆಯನ್ನು ಪೂರ್ತಿ ತಿಂದೆನು.

ವಿಮಾನವು ನಾನು ಊಹಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಮೂತಿಯಲ್ಲಿ ಒಂದೇ ಪಂಖ. ಹಿಂಬದಿಯಲ್ಲಿ ಮೇಲಕ್ಕೆ ತೆರೆದುಕೊಳ್ಳುವ ಅಗಲವಾದ ಬಾಗಿಲು. ಒಳಗೆ ನೆಟ್ಟಗೆ ನಿಲ್ಲಲಾಗದು. ಒಂದು ಬದಿಗೆ ರೋಗಿಯ ಹಾಸಿಗೆಯನ್ನು ಬಿಳಿಯ ಬಟ್ಟೆ ಹೊದಿಸಿ ಕಟ್ಟಿದ್ದರು. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರುಗಳು, ನಾಡಿಯನ್ನು ತೋರಿಸುವ ಪರದೆ. ಇಬ್ಬರು ಚಾಲಕರು, ವೈದ್ಯೆ, ಒಬ್ಬ ನರ್ಸ್ ಮತ್ತು ನಾನು. ಮೂರು ಗಂಟೆಯ ಹಾದಿಯುದ್ದಕ್ಕೂ ನನ್ನ ಮೊಣಕಾಲು ಆ ಖಾಲಿ ಹಾಸಿಗೆಗೆ ತಾಗುತ್ತಿತ್ತು. ಶ್ರಾವಣಿಯವರು ತಮ್ಮ ಔಷಧಿಗಳನ್ನು ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಿದ್ದರು. ಗಂಗೆಯನ್ನು ದಾಟುವಾಗ ಚಾಲಕರು ಕೆಳಗೆ ತೋರಿಸಿದರು. ಬೂದಿಬಣ್ಣದ ಅಗಲವಾದ ಪಟ್ಟಿ, ಅದರ ನಡುವೆ ಮರಳಿನ ದಿಬ್ಬಗಳು. ನಾನು ಕೈಮುಗಿದೆನು. ಆ ಹೊತ್ತಿಗೆ ಅಕ್ಕ ಇರಲಿಲ್ಲವೆಂಬುದು ವಿಮಾನದೊಳಗಿನ ಯಾರಿಗೂ ತಿಳಿದಿರಲಿಲ್ಲ.

ಕಠ್ಮಂಡುವಿನಲ್ಲಿ ಸಣ್ಣ ಮಳೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದಿರುತ್ತದೆ. ನನ್ನ ದೂರವಾಣಿ ಅಲ್ಲಿ ಕೆಲಸ ಮಾಡಲಿಲ್ಲ. ಆಸ್ಪತ್ರೆಯ ವಾಹನದ ಚಾಲಕನಿಗೆ ಏನೂ ಗೊತ್ತಿರಲಿಲ್ಲ. ಇಕ್ಕಟ್ಟಾದ ರಸ್ತೆಗಳಲ್ಲಿ ಮೋಟಾರ್ ಸೈಕಲ್ಲುಗಳ ನಡುವೆ ತೆವಳುತ್ತ ಹೋಗಿ, ವೈದ್ಯೆಯೂ ನಾನೂ ತೀವ್ರನಿಗಾ ಘಟಕದ ಮುಂದೆ ನಿಂತೆವು. ಬಾಗಿಲಿನ ಗಾಜಿನಿಂದ ಒಳಗೆ ನೋಡಿದೆನು.

ಅಕ್ಕ ಎದ್ದು ಕುಳಿತಿದ್ದಳು.

ಮಂಚದ ತಲೆಯ ಭಾಗವನ್ನು ಮೇಲೆತ್ತಿದ್ದರು. ಅದಕ್ಕೆ ಬೆನ್ನು ಕೊಟ್ಟು, ನೆಟ್ಟಗೆ, ಮೊಣಕಾಲಿನವರೆಗೂ ಹೊದಿಕೆ ಹೊದ್ದು ಕುಳಿತಿದ್ದಳು. ಮುಖ ತೊಳೆದು, ತಲೆ ಬಾಚಿ, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿತ್ತು. ಬಾಯೊಳಗಿನ ನಳಿಗೆಯಾಗಲಿ ಮೂಗಿನ ನಳಿಗೆಯಾಗಲಿ ಇರಲಿಲ್ಲ. ನನ್ನ ಮನಸ್ಸಿಗೆ ಮೊದಲು ಬಂದದ್ದು ಇದು: ಗುಣವಾಗಿದೆ, ನಳಿಗೆ ತೆಗೆದಿದ್ದಾರೆ, ಎದ್ದು ಕುಳಿತು ಪೂಜೆ ಮಾಡಿಕೊಳ್ಳುತ್ತಿದ್ದಾಳೆ. ನಾನು ದೇಶನೂರಿಗೆ ಹೋದಾಗಲೆಲ್ಲ “ಬಂತಪಾ ನಮ್ಮನಿ ವ್ಯಾಕರಣ” ಎಂದು ನನ್ನನ್ನು ನಪುಂಸಕಲಿಂಗದಲ್ಲಿ ಕರೆದು ನಗುತ್ತಿದ್ದವಳು ಅವಳು. ಕಣ್ಣು ತೆರೆದು ಅದನ್ನೇ ಹೇಳುತ್ತಾಳೆಂದು ಕಾದೆನು. ಪಕ್ಕದಲ್ಲಿದ್ದ ಶ್ರಾವಣಿಯವರ ಕಡೆಗೆ ತಿರುಗಿ, “ನೋಡಿರಿ, ಕುಳಿತಿದ್ದಾಳೆ” ಎಂದೂ ಹೇಳಿದೆನು. ಅವರು ಮಂಚದ ಪಕ್ಕದ ಯಂತ್ರಗಳನ್ನು ನೋಡುತ್ತಿದ್ದರು, ಎಲ್ಲವೂ ಆರಿದ್ದವು.

ಕುಳಿತಿರುವುದೆಂದರೆ ನಮ್ಮಲ್ಲಿ ಏನರ್ಥವೆಂದು ಹೊರಗಿನ ಆ ವೈದ್ಯೆಗೆ ತಿಳಿಯದಿರುವುದು ಸಹಜ. ಹುಟ್ಟಿದಾಗಿನಿಂದ ಅದನ್ನು ಕಂಡ ನನಗೂ ತಿಳಿಯಲಿಲ್ಲ.

ಆಗ ಸುಜಾತಾ ಹೊರಗೆ ಬಂದಳು. ಅವಳ ಹೆಗಲ ಮೇಲೆ ದುಪಟ್ಟಾ ಇರಲಿಲ್ಲ. ಅದನ್ನು ಎರಡಾಗಿ ಸೀಳಿ, ಒಂದರಿಂದ ತಾಯಿಯ ಮಡಿಸಿದ ಕಾಲುಗಳನ್ನು ಕಟ್ಟಿ, ಇನ್ನೊಂದರಿಂದ ಎದೆಯನ್ನು ಮಂಚಕ್ಕೆ ಬಿಗಿದಿದ್ದಳು.

“ಮಾಮ, ಎರಡು ತಾಸಾತು. ನಿಮಗ ಫೋನ್ ಹತ್ತಲಿಲ್ಲ” ಎಂದಳು. “ಡಾಕ್ಟರ್ ಬಂದು ಹೋತು ಅಂದ್ರು. ಚಾದರ ಎಳದು ಮಲಗಿಸಾಕ ಬಂದ್ರು. ನಾ ಬಿಡಲಿಲ್ಲ. ಒಂದ್ಸಲ ಮೈ ಬಿಗತ ಅಂದ್ರ ಆಮ್ಯಾಲ ಕುಂದ್ರಿಸಾಕ ಆಗತೈತೇನ್ರಿ? ನರ್ಸ್ ಬಾಯಿ ಮಾಡಿದ್ಲು. ಮಾಡ್ಲಿ ಅಂದೆ. ನಾನ ಕಾಲು ಮಡಿಸಿದೆ, ಒಬ್ಬಾಕಿನ.”

ಅವಳು ಅಳುತ್ತಿರಲಿಲ್ಲ. ಸೀಳಿದ ಬಟ್ಟೆಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಊರಿಗೆ ತಿಳಿಸುವುದು ನನ್ನ ಪಾಲಿಗೆ ಬಂತು. ಸುಜಾತಾಳ ದೂರವಾಣಿಯಿಂದ ಅಣ್ಣನವರಿಗೆ ಕರೆ ಮಾಡಿದೆನು. ಯಾವ ಶಬ್ದವನ್ನು ಬಳಸಬೇಕೆಂದು ಎಣಿಸಿದೆನು. ತಪ್ಪು ತಿಳಿಯಲಾಗದಂಥದ್ದು ಒಂದೇ ಉಳಿದಿತ್ತು. “ಅಣ್ಣಾ, ಅಕ್ಕ ಸತ್ತಳು” ಎಂದೆನು.

ಅವರು, “ಈ ಸಲ ಖರೇನೇನು?” ಎಂದು ಕೇಳಿದರು.

“ಖರೆ” ಎಂದೆನು.

“ಎಷ್ಟು ಹೊತ್ತಿಗೆ ಹೋತು ಉಸಿರು? ಅಯ್ಯನೋರು ಕೇಳ್ತಾರ.”

ನೇಪಾಳದ ಗಡಿಯಾರ ಹೇಳಬೇಕೋ ನಮ್ಮದನ್ನೋ ತಿಳಿಯದೆ ತಡವರಿಸಿದೆನು. ಕಾಲು ಗಂಟೆ ಕಳೆದು ನಮ್ಮದನ್ನು ಹೇಳಿದೆನು. ಬಿಚ್ಚಿದ್ದನ್ನು ಮತ್ತೆ ಕಟ್ಟಬೇಕಾಗುವುದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು: “ವಿಮಾನ ನಾ ನೋಡಿಕೊಳ್ತೀನಿ. ನೀ ಆಕೀನ ಕುಂದ್ರಿಸಿಕೊಂಡು ಬಾ. ಮಲಗಿಸಿಕೊಂಡು ತಂದ್ರ ಇಲ್ಲಿ ಯಾರ ಕೈಲೂ ಆಗಂಗಿಲ್ಲ. ಮುರದು ಕುಂದ್ರಿಸಬೇಕಾಗತೈತಿ. ಅದನ್ನ ನನ್ನ ಕಣ್ಣಿಲೆ ನೋಡಾಕಾಗಂಗಿಲ್ಲ ತಮ್ಮಾ.”

ಮಂಗಳವಾರವಿಡೀ ನಾನೂ ಸುಜಾತಾಳೂ ಕಠ್ಮಂಡುವಿನಲ್ಲಿ ಅಲೆದೆವು. ಊರನ್ನು ನೋಡಿದೆನೆಂದು ಹೇಳಲಾರೆ. ಮಳೆ ನಿಂತು ಬಡಗಣ ಬೆಟ್ಟಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಟ್ಯಾಕ್ಸಿಯ ಕಿಟಕಿಯಿಂದ ಕಂಡ ಹಿಮ ಅಷ್ಟೇ. ಆಸ್ಪತ್ರೆಯ ಪತ್ರ, ಪೊಲೀಸರ ಪತ್ರ, ನಮ್ಮ ದೇಶದ ರಾಯಭಾರ ಕಚೇರಿಯ ಪತ್ರ. ರೋಗಿಯನ್ನು ಸಾಗಿಸಬೇಕಾಗಿದ್ದ ವಿಮಾನಕ್ಕೆ ಈಗ ಬೇರೆಯೇ ಅನುಮತಿ ಬೇಕಾಗಿತ್ತು. ಅದಕ್ಕಾಗಿ ಅದೂ, ಚಾಲಕರೂ ಒಂದು ದಿನ ನಮಗಾಗಿ ಕಾದರು. ಮಧ್ಯಾಹ್ನ ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ಅನ್ನ, ಬೇಳೆ, ಸೊಪ್ಪಿನ ಪಲ್ಯ, ಮೂಲಂಗಿಯ ಉಪ್ಪಿನಕಾಯಿ ಬಡಿಸಿದರು. ಅನ್ನವನ್ನು ಬೆರಳಿನಿಂದ ಒತ್ತಿ ನೋಡಿ ಸುಜಾತಾ, “ಅವ್ವ ಇದ್ದಿದ್ರ ಇದನ್ನ ಅಕ್ಕಿ ಅಂತಿರಲಿಲ್ಲ” ಎಂದಳು. ಇಬ್ಬರೂ ಎದ್ದು ಕೈತೊಳೆದೆವು.

ಗಡಿ ದಾಟಿಸಬೇಕಾದರೆ ದೇಹವನ್ನು ಔಷಧಿಯಿಂದ ಕೆಡದಂತೆ ಮಾಡಿ, ಗಾಳಿಯಾಡದ ಪೆಟ್ಟಿಗೆಯಲ್ಲಿಡಬೇಕೆಂಬುದು ನಿಯಮ. ಆ ಕೆಲಸದ ವೈದ್ಯರು ಮೊದಲು ಒಪ್ಪಲಿಲ್ಲ. ಪೆಟ್ಟಿಗೆಗಳು ಉದ್ದವಾಗಿಯೇ ಇರುತ್ತವೆ, ನೇರ ಮಾಡಿ ಕೊಡುತ್ತೇನೆ ಎಂದರು. ನಾನು ಹಿಂದಿಯಲ್ಲಿ ನಿಯಮ, ಸಂಪ್ರದಾಯ, ಸಂವಿಧಾನ ಎಂದೆಲ್ಲ ವಿವರಿಸತೊಡಗಿದೆನು. ನನ್ನ ವಾಕ್ಯ ಮುಗಿಯುವ ಮೊದಲೇ ಸುಜಾತಾ ತನ್ನ ಅರೆಬರೆ ಹಿಂದಿಯಲ್ಲಿ, “ಸಾಬ್, ನನ್ನ ತಾಯಿ ಕುಳಿತಿದ್ದಾಳೆ. ಕುಳಿತವಳನ್ನು ಯಾಕೆ ಬೀಳಿಸುತ್ತೀರಿ?” ಎಂದಳು. ವೈದ್ಯರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಪೆಟ್ಟಿಗೆಯನ್ನು ನೀವೇ ತರಬೇಕು” ಎಂದರು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಬ್ಬ ಬಡಗಿ ಸಿಕ್ಕನು. ಅಗಲ, ಉದ್ದ, ಎತ್ತರಗಳನ್ನು ನಾನು ಹೇಳಿದಾಗ ಅವನು ಬಾಯಿಂದ ಮೊಳೆ ತೆಗೆದು, “ಲಾಮಾನಾ?” ಎಂದು ಕೇಳಿದನು. ಅಲ್ಲಿ ದೊಡ್ಡ ಲಾಮಾಗಳನ್ನು ಹಾಗೆ ಕುಳ್ಳಿರಿಸುತ್ತಾರಂತೆ. “ಅಲ್ಲ, ನನ್ನ ಅಕ್ಕ” ಎಂದೆನು. ಅವನು ಹಲಗೆ ಅಳೆಯತೊಡಗಿದನು. ಸಂಜೆಯ ಹೊತ್ತಿಗೆ ಚೌಕದ ಪೆಟ್ಟಿಗೆ ಸಿದ್ಧವಾಯಿತು. ಒಳಗೆ ತಗಡು, ಬೆನ್ನಿಗೊಂದು ಹಲಗೆ, ಎರಡೂ ಪಕ್ಕಗಳಲ್ಲಿ ದಿಂಬು ತುರುಕುವಷ್ಟು ಜಾಗ. ಅಕ್ಕನನ್ನು ಇಳಿಸಿ ಕೂರಿಸಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಸುಜಾತಾ ಎಡ ಅಂಗೈಯಲ್ಲಿ ಇಟ್ಟಳು. ತಗಡಿನ ಬೆಸುಗೆಯ ವಾಸನೆ ಏಳುವಾಗ ನಾನು ಹೊರಗೆ ಹೋಗಿ ನಿಂತೆನು.

ಬುಧವಾರ ಬೆಳಿಗ್ಗೆ ವಿಮಾನದ ಹಾಸಿಗೆಯನ್ನು ಕಳಚಿ ಆ ಜಾಗದಲ್ಲಿ ಪೆಟ್ಟಿಗೆಯನ್ನಿಟ್ಟರು. ಹಿಂಬದಿಯ ಅಗಲವಾದ ಬಾಗಿಲಿಲ್ಲದಿದ್ದರೆ ಅದು ಒಳಗೆ ಬರುತ್ತಲೇ ಇರಲಿಲ್ಲ. ನಾಲ್ಕೂ ಕಡೆಯಿಂದ ಪಟ್ಟಿ ಬಿಗಿದು, ಚಾಲಕರು ಅಲುಗಿಸಿ ನೋಡಿ ತೃಪ್ತರಾದರು. ಆಗ ಸುಜಾತಾ, “ಒಂದು ನಿಮಿಷ ತಡೀರಿ” ಎಂದಳು. ಅವಳು ಪೆಟ್ಟಿಗೆಯ ಮುಂಭಾಗಕ್ಕೆ ಗುರುತಿಗೆಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ಆ ಬೊಟ್ಟು ಬಾಲದ ಕಡೆಗಿತ್ತು.

“ಮಾಮ, ಅವ್ವ ಹಿಂದಮುಂದ ಕುಂತಾಳ. ಬೆನ್ನು ಮಾಡಿಕೊಂಡು ಊರಿಗೆ ಹೋಗೂದೇನು?”

ನಾನು ಇಂಗ್ಲಿಷಿನಲ್ಲಿ ಅದನ್ನು ಹೇಳಿದೆನು. ಹಿರಿಯ ಚಾಲಕರು ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದರು. ಅದರೊಳಗೆ ಒಬ್ಬರು ಮುಖಮಾಡಿ ಕುಳಿತಿದ್ದಾರೆಂಬುದು ಅವರಿಗೆ ಆಗ ತಾನೆ ಹೊಳೆದಿರಬೇಕು. ತಾವೇ ಪಟ್ಟಿ ಬಿಚ್ಚಿದರು. ನಾಲ್ವರು ಸೇರಿ ಅಕ್ಕನನ್ನು ಊರ ಕಡೆಗೆ ತಿರುಗಿಸಿದೆವು.

ಹಿಂದಿರುಗುವ ದಾರಿಯಲ್ಲಿ ಶ್ರಾವಣಿಯವರಿಗೆ ಮಾಡಲು ಏನೂ ಇರಲಿಲ್ಲ. ಔಷಧಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದು, ಮೆಲ್ಲಗೆ, “ಕುಳ್ಳಿರಿಸುವುದು ಯಾಕೆ?” ಎಂದು ತೆಲುಗಿನಲ್ಲಿ ಕೇಳಿದರು. ಪಾಠ ಹೇಳಿ ರೂಢಿಯಾದ ನಾನು ಲಿಂಗ, ಐಕ್ಯ ಎಂದು ಆರಂಭಿಸಿ ನಡುವೆಯೇ ತಡೆದೆನು. ಸುಜಾತಾ ಹೇಳಿದಳು: “ಅಮ್ಮಾ, ದೇವರ ಮುಂದ ಹೋಗೋರು ಮಲಗಿಕೊಂಡು ಹೋಗ್ತಾರೇನು?” ವೈದ್ಯೆಗೆ ಕನ್ನಡ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು. ಕೆಳಗೆ ಗಂಗೆ ಮತ್ತೆ ಕಂಡಿತು. ನಾನು ಈ ಸಲ ಕೈಮುಗಿಯಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದೆನು. ಹಲಗೆ ತಣ್ಣಗಿತ್ತು, ಯಂತ್ರದ ಕಂಪನಕ್ಕೆ ಸಣ್ಣಗೆ ನಡುಗುತ್ತಿತ್ತು.

ದೇಶದೊಳಗೆ ಬರುವ ವಿಮಾನ ಸುಂಕದವರಿರುವಲ್ಲಿ ಮೊದಲು ಇಳಿಯಬೇಕು. ಆದ್ದರಿಂದ ಹೈದರಾಬಾದಿನಲ್ಲಿ ಇಳಿದೆವು. ಒಬ್ಬ ಅಧಿಕಾರಿ ಮೆಟ್ಟಿಲೇರಿ ಬಗ್ಗಿ ನೋಡಿ, ಪತ್ರಗಳನ್ನು ತಿರುವಿ, ಚೌಕದ ಪೆಟ್ಟಿಗೆಯನ್ನು ಪೆನ್ನಿನಿಂದ ತಟ್ಟಿದನು. ಪತ್ರದಲ್ಲಿ ಮೃತದೇಹವೆಂದಿದೆ, ಕಣ್ಣೆದುರಿಗಿರುವುದು ಸಾಮಾನಿನ ಪೆಟ್ಟಿಗೆ.

“ದೀಂಟ್ಲೋ ಏಮುಂದಿ?” ಎಂದನು. ಇದರಲ್ಲಿ ಏನಿದೆ ಎಂದು.

ನನಗೆ ಏಕೋ ಮೈ ಉರಿಯಿತು. “ಏಮುಂದಿ ಅನಕಂಡಿ. ಎವರುನ್ನಾರು ಅನಿ ಅಡಗಂಡಿ. ಮಾ ಅಕ್ಕಗಾರು ಉನ್ನಾರು” ಎಂದೆನು. ಏನಿದೆ ಎನ್ನಬೇಡಿ, ಯಾರಿದ್ದಾರೆ ಎಂದು ಕೇಳಿರಿ, ನಮ್ಮ ಅಕ್ಕನವರಿದ್ದಾರೆ. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಏಕವಚನದ ಕ್ರಿಯಾಪದ ಒಂದೇ. ಅಕ್ಕ ‘ಉಂದಿ’ ಎಂದಿದ್ದರೆ ಪೆಟ್ಟಿಗೆ ‘ಉಂದಿ’ ಎಂಬುದಕ್ಕಿಂತ ಬೇರೆಯಾಗುತ್ತಿರಲಿಲ್ಲ. ಆದ್ದರಿಂದ ಬಹುವಚನವನ್ನು ಬಳಸಿದೆನು. ಬದುಕಿದ್ದಷ್ಟು ಕಾಲ ನೀನು, ಅವಳು ಎಂದೇ ಕರೆದ ಅಕ್ಕನಿಗೆ ನಾನು ಕೊಟ್ಟ ಮೊದಲ ಬಹುವಚನ ಅದು.

ಅಧಿಕಾರಿ ಪೆನ್ನನ್ನು ಜೇಬಿಗೆ ಸೇರಿಸಿ, ಬೂಟು ಕಳಚದಿದ್ದರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತನು. “ಕೂರ್ಚುನ್ನಾರಾ?” ಎಂದು ಮಾತ್ರ ಕೇಳಿದನು. ಕುಳಿತಿದ್ದಾರೆಯೇ? ಹೌದೆಂದೆನು. ಪತ್ರಗಳ ಮೇಲೆ ಮುದ್ರೆ ಬಿತ್ತು.

ಅಲ್ಲಿಂದ ಬಳ್ಳಾರಿಯ ಬಳಿಯ ತೋರಣಗಲ್ಲಿನ ನಿಲ್ದಾಣಕ್ಕೆ ಒಂದು ಗಂಟೆಗೂ ಕಡಿಮೆ. ಇಳಿಯುವಾಗ ಅಡ್ಡಗಾಳಿ ಬೀಸಿ ವಿಮಾನ ಒಂದು ಚಕ್ರದ ಮೇಲೆ ಬಿದ್ದಂತಾಗಿ ಎದ್ದಿತು. ಪೆಟ್ಟಿಗೆಯೊಳಗಿನಿಂದ ಏನೋ ಬಡಿದ ಮಂದವಾದ ಸದ್ದು ಬಂತು. ಸುಜಾತಾ ನನ್ನ ತೋಳನ್ನು ಹಿಡಿದುಕೊಂಡಳು. ಇಬ್ಬರಿಗೂ ಇದ್ದದ್ದು ಒಂದೇ ಪ್ರಶ್ನೆ. ಅಕ್ಕ ಕುಳಿತೇ ಇದ್ದಾಳೆಯೇ?

ಗಿರಣಿಯ ಗಾಡಿಯೊಂದಿಗೆ ಮಲ್ಲಿಕಾರ್ಜುನ ಕಾದಿದ್ದನು. ಹಿಂಬದಿಯಲ್ಲಿ ಖಾಲಿ ಅಕ್ಕಿ ಚೀಲಗಳನ್ನು ದಪ್ಪವಾಗಿ ಹಾಸಿದ್ದನು. ಕುಡತಿನಿಯ ವಿದ್ಯುತ್ ಸ್ಥಾವರದ ಹೊಗೆಯ ಕೆಳಗಿನಿಂದ ಹಾದು, ಕುರುಗೋಡಿನ ಬಂಡೆಬೆಟ್ಟಗಳ ಮಗ್ಗುಲಿಗೆ ಬಂದು, ತವರುಮನೆಯ ಮುಂದೆ ಗಾಡಿ ನಿಲ್ಲಿಸಿದೆವು. ಅತ್ತಿಗೆ ತವರಿನ ಸೀರೆಯನ್ನು ತಂದು ಪೆಟ್ಟಿಗೆಯ ಮೇಲಿಟ್ಟರು. ಅಂದು ಬೆಳಿಗ್ಗೆಯಷ್ಟೇ ತಂದದ್ದೆಂದು ತಿಳಿದಿದ್ದೆನು. ಅಲ್ಲವಂತೆ. “ಸೋಮವಾರನ ತಂದಿದ್ದೆ. ಅದಾಳ ಅಂದಮ್ಯಾಲ ಆಕಿ ಬಂದಾಗ ಉಡಸೂಣಂತ ಇಟ್ಟಿದ್ದೆ” ಎಂದರು.

ಭತ್ತದ ಗದ್ದೆಗಳ ನಡುವಿನ ರಸ್ತೆ ಹಿಡಿದು ದೇಶನೂರು ಸೇರಿದಾಗ ಇಳಿಹೊತ್ತು. ಬಾಗಿಲ ಮುಂದೆ ವಿಮಾನ ನಿಂತಿತ್ತು. ಬಿದಿರು ಹೊಸದು. ಹಳೆಯ ಬಿದಿರುಗಳು ಗೋಡೆಗೆ ಒರಗಿದ್ದವು. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಕಟ್ಟಬಾರದೆಂದು ಅಣ್ಣನವರು ಬೇರೆಯದನ್ನು ತರಿಸಿದ್ದರು. ಸೋಮವಾರ ಅತ್ತು, ನಕ್ಕು, ಚಹಾ ಕುಡಿದು ಹೋಗಿದ್ದ ಹೆಂಗಸರೇ ಮತ್ತೆ ಬಂದಿದ್ದರು. ಯಾರೂ ಅಳುತ್ತಿರಲಿಲ್ಲ. ಎರಡನೆಯ ಸಲ ಅಳುವುದು ಹೇಗೆಂದು ತಿಳಿಯದವರಂತೆ ಸೆರಗು ಬಾಯಿಗೆ ಒತ್ತಿಕೊಂಡು, ನಂಬಬೇಕೋ ಬೇಡವೋ ಎಂದು ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಮಲ್ಲಿಕಾರ್ಜುನ ಗಿರಣಿಯಿಂದ ಕರೆತಂದ ಮಿಸ್ತ್ರಿ ತಗಡಿನ ಬೆಸುಗೆಯನ್ನು ಬಿಡಿಸಿದನು. ಮುಚ್ಚಳಕ್ಕೆ ಕೈಹಾಕುವ ಮೊದಲು ಅಣ್ಣನವರು ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ತಾವೊಬ್ಬರೇ ಎತ್ತಿ, ಒಳಗೆ ಬಗ್ಗಿ ನೋಡಿದರು. ಅವರ ಬೆನ್ನು ನನಗೆ ಅಡ್ಡವಾಗಿತ್ತು.

“ಕುಂತಾಳ” ಎಂದರು ಅಣ್ಣ.

ಕತ್ತು ಮಾತ್ರ ಒಂದಿಷ್ಟು ಎಡಕ್ಕೆ ವಾಲಿತ್ತು. ಯಾರದೋ ಮಾತಿಗೆ ಕಿವಿಗೊಟ್ಟಂತೆ. ಅದನ್ನು ಕಂಡ ಮೇಲೆ ಹೆಂಗಸರು ಅಳತೊಡಗಿದರು.

ಕಾರ್ಯ ಮಾಡಿಸುವ ಅಯ್ಯನವರು ಬಿಲ್ವಪತ್ರೆ ಏರಿಸಿದರು, ತವರಿನ ಸೀರೆ ಹೊದಿಸಿದರು. ವಿಮಾನವನ್ನು ಎತ್ತುವಾಗ ಅಣ್ಣನವರು ನನ್ನನ್ನು ಕೂಗಿದರು: “ಬರ್ರಿ ಮೇಷ್ಟ್ರ, ಹೆಗಲು ಕೊಡ್ರಿ. ಈ ವಿಮಾನಕ್ಕ ಡ್ರೈವರ್ ಇಲ್ಲ.” ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗುರುತಿಸಲಾಗಲಿಲ್ಲ. ನಾನು ಮುಂದಿನ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟೆನು. ಗದ್ದೆಯ ಬದುವಿನ ಮೇಲೆ, ಭಾವನವರ ಸಮಾಧಿಯ ಪಕ್ಕದಲ್ಲಿ, ಅದೇ ಕುಣಿಯನ್ನು ಮತ್ತೆ ತೋಡಿದ್ದರು. ಒಳಗಿನಿಂದ ತೆಗೆದ ಬಾಳೆಯ ಕಂಬ ಮಣ್ಣಿನ ರಾಶಿಯ ಮೇಲೆ ಬಿದ್ದಿತ್ತು. ಅದು ಇನ್ನೂ ಹಸಿರಾಗಿತ್ತು. ನಡುವಿನಿಂದ ಎಳೆಯ ಸುಳಿಯೊಂದು ಬೆರಳಿನಷ್ಟು ಮೇಲೆದ್ದಿತ್ತು. ಅಕ್ಕನನ್ನು ಇಳಿಸಿ ಕೂರಿಸಿದೆವು. ವಿಭೂತಿ, ಪತ್ರೆ, ಆಮೇಲೆ ಮಣ್ಣು.

ಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ಸಿರುಗುಪ್ಪದಿಂದ ಬಳ್ಳಾರಿಯ ಬಸ್ಸು ಹತ್ತಿದೆನು. ಕಿಟಕಿಯ ಪಕ್ಕದಲ್ಲಿ ಕುಳಿತು ದೇಶನೂರಿನ ದಿಕ್ಕಿಗೆ ನೋಡಿದೆನು. ಭತ್ತವೆಲ್ಲ ಒಂದೇ ಸಮನಾಗಿ ಹಸಿರಾಗಿತ್ತು, ಬದು ಗುರುತು ಸಿಗಲಿಲ್ಲ. ಟಿಕೆಟ್ ಹರಿಯುತ್ತ ಬಂದ ನಿರ್ವಾಹಕ ನನ್ನ ಮುಖ ನೋಡಿ ನಿಂತುಬಿಟ್ಟನು.

“ನಮಸ್ಕಾರ್ರಿ ಸರ್. ನಾನ್ರಿ, ಮೋಕದ ಹೊನ್ನೂರಪ್ಪ. ಹತ್ತನೇತ್ತಾದಾಗ ನಿಮ್ಮ ಕೈಯಾಗ ಕಲತಾಂವ. ಬ್ಯಾಗಿಗೆ ಏನೇನೋ ಚೀಟಿ ಕಟ್ಟ್ಯಾರಲ್ರಿ, ಎಲ್ಲಿಗೆ ಹೋಗಿದ್ರಿ?”

“ನೇಪಾಳಕ್ಕೆ ಹೋಗಿದ್ದೆನಪ್ಪಾ.”

ಅವನ ಮುಖ ಅರಳಿತು. ಬಸ್ಸಿನವರಿಗೆಲ್ಲ ಕೇಳುವಂತೆ, ಒಂದೊಂದು ಅಕ್ಷರವನ್ನೂ ನಾನು ಕಲಿಸಿದ್ದಂತೆಯೇ ಬಿಡಿಸಿ ನುಡಿದು ಕೇಳಿದನು: “ವಿ-ಮಾ-ನ-ದಲ್ಲಿ ಹೋಗಿದ್ದಿರೇನು ಸರ್?”

“ಇಲ್ಲಪಾ” ಎಂದೆನು. “ಫ್ಲೈಟಿನಾಗ.”